ಕಾಶಮ್ಮನಿಗೆ ತಲುಪಬೇಕಿದ್ದ ಸುದ್ದಿ

ಔರಾದ ಕಡೆ ನಾನು ಹೋಗಿದ್ದು ಈವರೆಗೆ ಎರಡೇ ಸಲ. ಎರಡನೆಯ ಸಲ ಹೋದದ್ದು ಮೊನ್ನೆ ಶ್ರಾವಣದಲ್ಲಿ, ತಂಗಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ. ಬೀದರ ಬಿಟ್ಟ ಬಸ್ಸು ಜನವಾಡ ದಾಟಿ ಮಾಂಜ್ರಾ ಸೇತುವೆಯ ಮೇಲೆ ಬಂದಾಗ ಪಕ್ಕದಲ್ಲಿದ್ದ ಹೆಂಗಸು ನದಿಗೆ ಕೈ ಮುಗಿದಳು. ನದಿ ಎರಡೂ ದಂಡೆ ಹಿಡಿದು ಹರಿಯುತ್ತಿತ್ತು. ಕಿಟಕಿಯಿಂದ ಹಸಿ ಮಣ್ಣಿನ ವಾಸನೆ ಒಳಗೆ ಬಂತು. ಎಲ್ಲರಿಗೂ ಹಿತವಾಗುವ ವಾಸನೆ ಅದು. ನಾನು ಮಾತ್ರ ಸೆರಗಿನಿಂದ ಮೂಗು ಮುಚ್ಚಿಕೊಂಡೆ.

“ಯಾಕ ಅಕ್ಕಾ, ಬಸ್ ಆಗಿ ಬರಂಗಿಲ್ಲೇನು? ಲಿಂಬಿಹಣ್ಣ ಅದ, ಮೂಸ್ತಿ?” ಎಂದಳು ಆಕೆ.

ಲಿಂಬೆಹಣ್ಣು ತೆಗೆದುಕೊಂಡು ಮೂಗಿಗೆ ಹಿಡಿದು ಕುಳಿತೆ. ಬಸ್ಸಿನ ಹೊಟ್ಟೆತೊಳಸು ಅದಲ್ಲ ಎಂದು ಆಕೆಗೆ ಹೇಳಲು ಹೋಗಲಿಲ್ಲ. ಮೊದಲ ಸಲ ಇದೇ ಸೇತುವೆ ದಾಟಿದಾಗ ಕೆಳಗೆ ನೀರಿರಲಿಲ್ಲ. ಉಸುಕಿನಲ್ಲಿ ಒರತೆ ತೋಡಿಕೊಂಡು ಬಟ್ಟಲಿನಿಂದ ನೀರು ಮೊಗೆಯುವ ಹೆಂಗಸರು ಮೇಲಿನಿಂದ ಇರುವೆಗಳಂತೆ ಕಾಣುತ್ತಿದ್ದರು. ನನ್ನ ಪಕ್ಕದಲ್ಲಿ ನನ್ನ ಮಾವನವರು ಕುಳಿತಿದ್ದರು. ಅವರು ಅರವತ್ತು ವರ್ಷ ಬಾಯಿ ಬಿಟ್ಟು ಹೇಳದ ಒಂದು ಸುದ್ದಿಯನ್ನು ಹೇಳಲು ಹೊರಟಿದ್ದರು. ಅದನ್ನು ಹೇಳದಂತೆ ಹೇಗೆ ತಡೆಯಲಿ ಎಂಬ ಒಂದೇ ಚಿಂತೆ ನನಗೆ.

ಇಪ್ಪತ್ತು ವರ್ಷದ ಮೇಲಾಯಿತು. ಎರಡು ವರ್ಷ ಸತತ ಮಳೆ ಕೈಕೊಟ್ಟಿತ್ತು. ನಮ್ಮ ಭಾಲ್ಕಿಯಲ್ಲಿ ಓಣಿಗೊಂದು ಮನೆಯಾದರೂ ಕೀಲಿ ಹಾಕಿತ್ತು. ಕೆಲವರು ಮುಂಬೈಗೆ, ಕೆಲವರು ಪುಣೆಗೆ, ಹೆಚ್ಚಿನವರು ಹೈದರಾಬಾದಿಗೆ. ನಮ್ಮವರೂ ಹೈದರಾಬಾದಿನಲ್ಲಿ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ಹೋಗಿದ್ದರು. ಮನೆಯಲ್ಲಿ ನಾನು, ಇಬ್ಬರು ಹೆಣ್ಣುಮಕ್ಕಳು, ನನ್ನ ಹೊಲಿಗೆ ಯಂತ್ರ ಮತ್ತು ಎಂಬತ್ತು ದಾಟಿದ ಮಾವನವರು. ಹೆಸರು ಮಾಣಿಕಪ್ಪ. ನಾನು ಮಾಮಾ ಎನ್ನುತ್ತಿದ್ದೆ, ಓಣಿಯವರು ಸುಬೇದಾರ ಕಾಕಾ ಎನ್ನುತ್ತಿದ್ದರು. ನಿಜವಾಗಿ ಅವರು ನಿಜಾಮರ ಪಲ್ಟನ್ನಿನಲ್ಲಿ ಬರಿಯ ಸಿಪಾಯಿ. ಸುಬೇದಾರ ಮಾಡಿದ್ದು ನಮ್ಮ ಓಣಿಯ ಹೆಂಗಸರು.

ಟ್ಯಾಂಕರ್ ಎಂಟು ದಿನಕ್ಕೊಮ್ಮೆ ಬರುತ್ತಿತ್ತು. ಬರುವ ಹಿಂದಿನ ದಿನವೇ ಕೊಡಗಳ ಸಾಲು ಹಚ್ಚುತ್ತಿದ್ದರು. ಮಾವನವರು ಒಂದು ಸ್ಟೂಲು ಹಾಕಿಕೊಂಡು ಆ ಸಾಲಿನ ತುದಿಗೆ ಕೂಡುತ್ತಿದ್ದರು. ಯಾರ ಕೊಡ ಒಂದು ಗೇಣು ಮುಂದೆ ಸರಿದರೂ ಕೋಲು ನೆಲಕ್ಕೆ ಕುಟ್ಟಿ “ಲೈನ್! ಲೈನ್!” ಎಂದು ಒದರುತ್ತಿದ್ದರು.

“ಕಾಕಾ, ನಿಮ್ಮ ಫೌಜಿಗಿ ಬಾಯಾರಿಕಿ ಆಗ್ಯಾದ್ರಿ. ಹುಕುಂ ಕೊಟ್ರ ಪಂಚಾಯತಿ ಮ್ಯಾಲೇ ದಾಳಿ ಮಾಡ್ತೇವಿ” ಎಂದು ಪಕ್ಕದ ಮನೆಯ ಶಾಂತಾಬಾಯಿ ಚೇಷ್ಟೆ ಮಾಡುತ್ತಿದ್ದಳು.

“ನಿಮ್ಮಂಥಾ ಫೌಜ ಇದ್ದಿದ್ರ ನಾವು ಅವತ್ತೇ ಗೆಲ್ತಿದ್ದೇವು. ನಡಿ ಹಿಂದಕ್ಕ” ಎನ್ನುತ್ತಿದ್ದರು ಅವರು.

ಯುದ್ಧದ ಬಗ್ಗೆ ಅವರ ಬಾಯಿಂದ ಬರುತ್ತಿದ್ದುದು ಇಷ್ಟೇ. ಮಲಯಾ ದೇಶಕ್ಕೆ ಹೋಗಿದ್ದರು, ಸಮುದ್ರದ ದಂಡೆಯಲ್ಲಿ ವಿಮಾನ ಇಳಿಯುವ ಮೈದಾನ ಕಾಯುತ್ತಿದ್ದರು, ಅಲ್ಲಿ ಜಪಾನಿನವರ ದಾಳಿಯಾಯಿತು, ನಾಲ್ಕು ವರ್ಷ ಕೈದಿಯಾಗಿ ಇದ್ದು ಬಂದರು. ಇಷ್ಟು ನನ್ನ ಮದುವೆಯಾದಾಗಲೇ ಅತ್ತೆ ಹೇಳಿದ್ದರು. ಮಕ್ಕಳು ಹೆಚ್ಚು ಕೇಳಿದರೆ ಮಾವನವರು “ಅಲ್ಲಿ ಮಳಿ ಭಾಳ” ಎಂದು ಎದ್ದು ಹೋಗುತ್ತಿದ್ದರು.

ಒಂದು ಪದ್ಧತಿ ಮಾತ್ರ ತಪ್ಪಿಸುತ್ತಿರಲಿಲ್ಲ. ವರ್ಷಕ್ಕೊಮ್ಮೆ, ದಾಳಿಯಾದ ದಿನ, ಸೇರು ಅಕ್ಕಿ ಗಂಟು ಕಟ್ಟಿಸಿಕೊಂಡು ರೈಲು ಹತ್ತಿ ಬೀದರಿಗೆ ಹೋಗುತ್ತಿದ್ದರು. ಅಲ್ಲಿ ಕೋಟೆ ರಸ್ತೆಯ ಗಲ್ಲಿಯಲ್ಲಿ ಅವರ ಜೊತೆಗೆ ಪಲ್ಟನ್ನಿನಲ್ಲಿದ್ದ ಖಾಸಿಂಸಾಬರ ಮನೆ. ಬಿದ್ರಿ ಕೆಲಸದವರು, ಬೆರಳೆಲ್ಲ ಕಪ್ಪು. ದಾಳಿಯಿಂದ ಉಳಿದು ಬಂದ ನಮ್ಮ ಕಡೆಯವರೆಲ್ಲ ಆ ದಿನ ಆ ಅಂಗಳದಲ್ಲಿ ಸೇರಿ ತಾವೇ ಒಲೆ ಹೂಡಿ ಅನ್ನ ಬೇಯಿಸುತ್ತಿದ್ದರಂತೆ. ಎಲ್ಲರೂ ಕೂಡುವವರೆಗೆ ಗಡಿಗೆಯ ಮುಚ್ಚಳ ತೆಗೆಯುವಂತಿಲ್ಲ. ಹೆಂಗಸರು ಆ ಒಲೆಯ ಹತ್ತಿರ ಹೋಗುವಂತಿಲ್ಲ. ನಾನು ಮದುವೆಯಾಗಿ ಬಂದಾಗ ಏಳು ಜನ ಇದ್ದರು. ಆಮೇಲೆ ನಾಲ್ಕು. ಬರದ ವರ್ಷದ ಹೊತ್ತಿಗೆ ಇಬ್ಬರೇ.

ಹೋಳಿ ಮುಗಿದ ವಾರದಲ್ಲಿ ಖಾಸಿಂಸಾಬರು ತೀರಿಕೊಂಡರು. ಮಾವನವರನ್ನು ಒಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ಹೋದೆ. ಖಬರಸ್ತಾನದಲ್ಲಿ ಎಲ್ಲರೂ ಮೂರು ಮೂರು ಹಿಡಿ ಮಣ್ಣು ಕೊಟ್ಟರು. ನಾನು ಗೇಟಿನ ಹೊರಗೆ ನಿಂತು ನೋಡುತ್ತಿದ್ದೆ. ಮಾವನವರು ಮೂರು ಹಿಡಿ ಕೊಟ್ಟು, ಸ್ವಲ್ಪ ನಿಂತು, ಬಗ್ಗಿ ಇನ್ನೊಂದು ಹಿಡಿ ತೆಗೆದುಕೊಂಡರು. ಖಾಸಿಂಸಾಬರ ಮಗ ಮೆಲ್ಲಗೆ ಅವರ ತೋಳು ಹಿಡಿದ. “ಚಾಚಾ, ಆಯ್ತಲ್ರಿ.”

“ಇದು ಬ್ಯಾರೇ ಅವಂದಪ್ಪಾ” ಎಂದು ಆ ಹಿಡಿಯನ್ನೂ ಹಾಕಿದರು.

ಮಧ್ಯಾಹ್ನದ ರೈಲಿನಲ್ಲಿ ವಾಪಸು ಬರುವಾಗ ನಾನು ಕೇಳದೆಯೇ ಹೇಳಿದರು. ಡಬ್ಬಿಯಲ್ಲಿ ಗಂಟುಮೂಟೆ ಕಟ್ಟಿಕೊಂಡು ಊರು ಬಿಟ್ಟು ಹೊರಟ ಜನವೇ ತುಂಬಿತ್ತು. ಅವರ ಗದ್ದಲದಲ್ಲಿ ಮಾವನವರ ಮಾತು ನನಗೊಬ್ಬಳಿಗೇ ಕೇಳಿಸುತ್ತಿತ್ತು.

ಔರಾದ ಹತ್ತಿರದ ಒಂದು ಹಳ್ಳಿಯ ವೈಜಿನಾಥ ಎಂಬವನು ಅವರ ಜೊತೆಗಾರ. ಇಬ್ಬರೂ ಒಂದೇ ದಿನ ಭರ್ತಿಯಾದವರು, ಒಂದೇ ಕಂದಕದಲ್ಲಿ ಇದ್ದವರು. ದಾಳಿಯಲ್ಲಿ ಅವನು ಸತ್ತ. ಮಾವನವರ ಕಣ್ಣೆದುರಿಗೆ ಸತ್ತ. ಸರಕಾರದ ಕಾಗದದಲ್ಲಿ ಮಾತ್ರ ‘ಪತ್ತೆಯಿಲ್ಲ’ ಎಂದು ಬಂದಿತ್ತು. ಯುದ್ಧ ಮುಗಿದು ಬಿಡುಗಡೆಯಾಗಿ ಬಂದ ಮೇಲೆ ಮಾವನವರು ಮೊದಲು ತಮ್ಮ ಮನೆಗೆ ಹೋಗದೆ ಆ ಹಳ್ಳಿಗೇ ಹೋದರು, ಸುದ್ದಿ ಹೇಳಬೇಕೆಂದು.

“ಅವನ ಅವ್ವ ತಂಬಿಗಿ ತುಂಬ ನೀರು ತಂದು ನನ್ನ ಕಾಲಿಗಿ ಹಾಕಿದಳು. ಹಿಂದ ಬಾಗಿಲ ಸಂದ್ಯಾಗ ಆ ಹುಡುಗಿ, ಕಾಶಮ್ಮ, ಅವನ ಹೆಂಡತಿ. ಹದಿನೇಳೋ ಹದಿನೆಂಟೋ. ಹಣಿ ತುಂಬ ಕುಂಕುಮ. ಅವ್ವ ಕೇಳಿದಳು, ನಮ್ಮಾಂವ ನಿನ್ನ ಹಿಂದಿನ ಹಡಗಕ್ಕ ಬರ್ತಾನೇನಪ್ಪಾ ಅಂತ. ಬಾಯಿ ತಗದೆ. ಹೌದ್ರಿ ಅಂತ ಬಂತು.”

“ಮಾಮಾ!”

“ನಾ ಅನಬೇಕಂತ ಅಂದಿದ್ದಲ್ಲ, ಮಗಳ. ಕಾಲ ಮ್ಯಾಲ ನೀರು ಬಿದ್ದಿತ್ತಲ್ಲ. ಹೌದ್ರಿ, ಹಿಂದಿನ ಹಡಗಕ್ಕ ಬರ್ತಾನ್ರಿ ಅಂದೆ. ಮರುದಿನ ಹೋಗಿ ಹೇಳಿದ್ರಾಯ್ತು ಅಂದುಕೊಂಡೆ.”

ಮರುದಿನ ಹೋಗಲಿಲ್ಲ. ಮುಂದೆ ನಿಜಾಮರ ರಾಜ್ಯವೇ ಹೋಯಿತು. ಯಾವ ಕಚೇರಿಗೆ ಹೋಗಿ ಯಾರನ್ನು ಕೇಳಬೇಕು ಎಂಬುದೂ ಆ ಮನೆಯವರಿಗೆ ತಿಳಿಯಲಿಲ್ಲ. ಮಾಣಿಕ ಹೇಳಿದ್ದಾನೆ, ಬರುತ್ತಾನೆ ಎಂದು ವೈಜಿನಾಥನ ಅವ್ವ ಸಾಯುವವರೆಗೂ ಸೊಸೆಯ ಕುಂಕುಮ ಕಾದಳು. ಉಳಿದ ಸಿಪಾಯಿಗಳಿಗೆಲ್ಲ ನಿಜ ಗೊತ್ತಿತ್ತು. ಮಾಣಿಕ ಆಡಿದ ಮಾತು, ಮಾಣಿಕನೇ ಇಳಿಸಬೇಕು ಎಂದು ಅವರು ಸುಮ್ಮನಿದ್ದರು. ಮಾವನವರು ಭಾಲ್ಕಿಯ ಬಾಜಾರಕ್ಕೆ ಬರುವ ಔರಾದ ಕಡೆಯ ರೈತರನ್ನು ಹಿಡಿದು ವರ್ಷವರ್ಷವೂ ವಿಚಾರಿಸುತ್ತಿದ್ದರು. ‘ಕಾಶಮ್ಮ ಆರಾಮ ಅದಾಳ್ರಿ. ಮೈದುನನ ಮಗನ್ನ ದತ್ತಕ ತಗೊಂಡಾಳ. ಊರಿಗೇ ಹಿರಿ ಮುತ್ತೈದಿ ಈಗ ಆಕಿನೇ’ ಎಂದು ಅವರು ಹೇಳುತ್ತಿದ್ದರು. ಅದನ್ನು ಕೇಳಿ ಬಂದ ದಿನ ಮಾವನವರು ಉಣ್ಣುತ್ತಿರಲಿಲ್ಲ. ಹೊಟ್ಟೆ ಸರಿಯಿಲ್ಲವೇನೋ ಎಂದು ನಾನು ಅಜವಾನದ ಕಷಾಯ ಮಾಡಿಕೊಡುತ್ತಿದ್ದೆ.

“ಈಗ ಅವನು ಸತ್ತದ್ದು ಗೊತ್ತಿರಾಂವ ನಾ ಒಬ್ಬನೇ ಉಳದೀನಿ. ನಾ ಹೋದ್ರ ಮುಗೀತು” ಎಂದರು.

ಯುಗಾದಿಯ ಮುಂದೆ ಇನ್ನೊಂದು ಸುದ್ದಿ ಬಂತು. ಕಾಶಮ್ಮನ ಮೊಮ್ಮಗ ಹೈದರಾಬಾದಿಗೆ ಹೊರಟಿದ್ದಾನೆ, ಮುದುಕಿಯನ್ನೂ ಕರೆದುಕೊಂಡು ಹೋಗುತ್ತಾನೆ, ಎಂದು ಹೋಗುತ್ತಾರೋ ಗೊತ್ತಿಲ್ಲ ಎಂದು. ಅಷ್ಟು ದೊಡ್ಡ ಶಹರದಲ್ಲಿ ಆಕೆಯನ್ನು ಎಲ್ಲಿ ಹುಡುಕುವುದು? ಮಾವನವರು ನಾಳೆಯೇ ಹೋಗೋಣ ಎಂದು ಹಟ ಹಿಡಿದರು.

ನನಗೆ ಹೋಗುವ ಮನಸ್ಸಿರಲಿಲ್ಲ. ನಮ್ಮದು ಶರಣರ ಮನೆತನ. ಗಂಡ ಸತ್ತ ಹೆಂಗಸು ಅಪಶಕುನ ಎಂದು ನಮ್ಮ ಮನೆಯಲ್ಲಿ ಯಾರೂ ಅನ್ನುವುದಿಲ್ಲ. ನಮ್ಮತ್ತೆಯೇ ವಿಧವೆ ನಾದಿನಿಯ ಕೈಯಿಂದ ನನಗೆ ಮೊದಲ ಉಡಿ ತುಂಬಿಸಿದ್ದರು. ಆದರೆ ನಮ್ಮ ಮನೆಯ ಹೊಸ್ತಿಲಾಚೆಗೆ ಊರೆಂಬುದು ಒಂದು ಇರುತ್ತದಲ್ಲ. ಮದುವೆಯ ಕುಪ್ಪಸ ಹೊಲಿಯುವವಳು ನಾನು. ಅರಿಶಿನ ಹಚ್ಚುವಾಗ ಯಾರನ್ನು ಮುಂದೆ ಕರೆಯುತ್ತಾರೆ, ಯಾರನ್ನು ಗೋಡೆಗೆ ಸರಿಸುತ್ತಾರೆ ಎಂಬುದನ್ನು ಎಷ್ಟು ಮನೆಗಳಲ್ಲಿ ನೋಡಿಲ್ಲ!

“ಹೇಳಿ ಏನ್ ಬರ್ತದ ಮಾಮಾ? ಆ ಮುದುಕಿ ಕುಂಕುಮ ಹೋಗ್ತದ, ಅಷ್ಟೇ. ಇದ್ದಷ್ಟು ದಿನ ಮರ್ಯಾದಿಲೆ ಇರ್ಲಿ ಬಿಡ್ರಿ” ಎಂದೆ.

“ಹೇಳಲಿಲ್ಲಂದ್ರ ಅವನು ಇನ್ನೂ ಅಲ್ಲೇ ಬಿದ್ದಾನ. ಅವನ ಸಲುವಾಗಿ ಇಲ್ಲಿತನ ಒಬ್ಬರೂ ಅತ್ತಿಲ್ಲ ಮಗಳ. ಹೆತ್ತ ತಾಯಿನೂ ಅಳಲಿಲ್ಲ. ನಾ ಅಳಗೊಡಲಿಲ್ಲ.”

ನಾನು ದಿನ ಮುಂದೂಡಿದೆ. ಒಂದು ದಿನ ಯಂತ್ರದ ಪಟ್ಟಿ ಹರಿಯಿತೆಂದೆ, ಒಂದು ದಿನ ಔರಾದ ಬಸ್ಸು ಕೆಟ್ಟಿದೆಯೆಂದೆ. ಒಂದು ಮುಂಜಾನೆ ನೀರಿಗೆ ಹೋಗಿ ಬರುವಷ್ಟರಲ್ಲಿ ಮನೆಯಲ್ಲಿ ಅವರಿಲ್ಲ. ಓಣಿಯೆಲ್ಲ ಹುಡುಕಿದೆ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿಕೊಂಡು, ಉದಗೀರಕ್ಕೆ ಹೋಗುವ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಔರಾದ ಇದೇನಾ ಎಂದು ಕೇಳುತ್ತಿದ್ದರು. ಅವರ ತೋಳು ಹಿಡಿದು ಇಳಿಸಿಕೊಂಡೆ. ಒಬ್ಬರೇ ಎಲ್ಲೋ ಇಳಿದು ಎಲ್ಲೋ ಬಿದ್ದು ಹೋದರೆ? ಸರಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಮಕ್ಕಳನ್ನು ಶಾಂತಾಬಾಯಿಯ ಮನೆಯಲ್ಲಿ ಬಿಟ್ಟು ಶನಿವಾರ ಹೊರಟೆವು. ಶನಿವಾರ ಎಂದು ಆರಿಸಿದ್ದು ನಾನೇ. ಎಂಥ ತಪ್ಪು ಮಾಡಿದೆ ಎಂಬುದು ಆ ಊರು ತಲುಪಿದ ಮೇಲೆಯೇ ತಿಳಿಯಿತು.

ಊರಿನ ಹೆಸರು ಬರೆಯುವುದಿಲ್ಲ, ಆ ಮನೆಯವರು ಇನ್ನೂ ಇದ್ದಾರೆ. ಔರಾದಿನಿಂದ ಜೀಪಿನಲ್ಲಿ ಹೋಗಿ ಇಳಿದಾಗ ಹಲಗೆ ಬಾರಿಸುವ ಸದ್ದು ಕೇಳುತ್ತಿತ್ತು. ಅರ್ಧ ಬಾಗಿಲುಗಳಿಗೆ ಕೀಲಿ. ಉಳಿದ ಹೆಂಗಸರೆಲ್ಲ ಒಂದೇ ಮನೆಯ ಮುಂದೆ ನೆರೆದಿದ್ದರು. ಮಳೆ ತಪ್ಪಿದ ವರ್ಷ ಆ ಊರಿನಲ್ಲಿ ಐದು ಶನಿವಾರ ಐದು ಜನ ಮುತ್ತೈದೆಯರು ಹೊಸ ಕೊಡದಲ್ಲಿ ನೀರು ತಂದು ಹನುಮಂತ ದೇವರಿಗೆ ಎರೆಯುವ ಪದ್ಧತಿ. ಮೊದಲ ಕೊಡ ಊರಿನ ಹಿರಿಯ ಮುತ್ತೈದೆಯದು. ಆ ದಿನ ಮೊದಲ ಶನಿವಾರ. ಆ ಮನೆ ಕಾಶಮ್ಮನದು. ಐದು ವಾರ ಮುಗಿಯುವವರೆಗೆ ಅಜ್ಜಿಯನ್ನು ಊರು ಬಿಡಿಸಬೇಡ ಎಂದು ಊರವರು ಮೊಮ್ಮಗನನ್ನು ಒಪ್ಪಿಸಿ ಇಟ್ಟಿದ್ದರು.

ನಾನು ಮಾವನವರ ಕೋಟಿನ ತೋಳು ಹಿಡಿದೆ. “ಇವತ್ತ ಬ್ಯಾಡ್ರಿ ಮಾಮಾ. ನಿಮ್ಮ ಕಾಲ ಹಿಡೀತೀನಿ. ನೀರ ಎರದು ಬರ್ಲಿ, ಆಮ್ಯಾಲ ಹೇಳ್ರಿ.”

“ಗೊತ್ತಿದ್ದೂ ಎರಿಯಾಕ ಬಿಟ್ರ ಅದು ಮತ್ತೊಂದ ಸುಳ್ಳ ಆಗ್ತದ” ಎಂದರು.

ಕಾಶಮ್ಮ ಕಟ್ಟೆಯ ಮೇಲೆ ಕುಳಿತಿದ್ದಳು. ತೆಳ್ಳಗೆ ಎತ್ತರದ ಹೆಂಗಸು. ಮೊಣಕೈವರೆಗೆ ಹಸಿರು ಬಳೆ, ಹಣೆಯಲ್ಲಿ ರೂಪಾಯಿ ಅಗಲದ ಕುಂಕುಮ. ಯಾರೋ ಆಕೆಯ ಪಾದಕ್ಕೆ ಅರಿಶಿನ ಹಚ್ಚುತ್ತಿದ್ದರು. ಆಕೆ ಮಾವನವರನ್ನು ನೋಡಿದಳು. ಕೈ ಹಣೆಗೆ ಅಡ್ಡ ಹಿಡಿದು ಮತ್ತೆ ನೋಡಿದಳು.

“ಭಾಲ್ಕಿ ಮಾಣಿಕಪ್ಪ ಅಲ್ಲೇನು? ಕಿವಿ ಹಂಗೇ ಅದ ನೋಡು, ಸೂಪಿನಂಗ” ಎಂದಳು. ಹೆಂಗಸರು ನಕ್ಕರು. ಆಕೆಯೂ ನಕ್ಕಳು. ನಂತರ ಅದೇ ನಗೆಯಲ್ಲಿ ಕೇಳಿದಳು. “ಹಿಂದಿನ ಹಡಗ ಬಂತೇನಪ್ಪಾ?”

ಹೆಂಗಸರಿಗೆ ಅರ್ಥವಾಗಲಿಲ್ಲ, ಮತ್ತೆ ನಕ್ಕರು. ಮಾವನವರ ಕೋಲು ನೆಲದ ಮೇಲೆ ಟಕಟಕ ಬಡಿಯುತ್ತಿತ್ತು. ಅವರೊಬ್ಬರೇ ನಗಲಿಲ್ಲ.

ಕಾಶಮ್ಮ ಅದನ್ನು ನೋಡಿದಳು. ಅರಿಶಿನ ಹಚ್ಚುವವಳ ಕೈ ಸರಿಸಿ ಎದ್ದಳು. “ಐದು ಮಿನಿಟ ತಡೀರಿ. ದೂರದಿಂದ ಬಂದಾರ, ನೀರ ಕೊಟ್ಟು ಬರ್ತೇನಿ” ಎಂದು ನಮ್ಮನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು.

ಒಳಗೆ ಗಂಟುಗಳೆಲ್ಲ ಕಟ್ಟಿ ಇಟ್ಟಿದ್ದವು. ಕೂಡಲು ಒಂದು ಗೋಣಿಚೀಲ ಮಾತ್ರ ಹೊರಗಿತ್ತು. ಮಾವನವರು ಕೂಡಲಿಲ್ಲ. ಪರೇಡಿನಲ್ಲಿ ನಿಂತಂತೆ ಗೋಡೆಗೆ ನೆಟ್ಟಗೆ ನಿಂತು ಹೇಳಿದರು.

“ವೈಜಿನಾಥ ಬರಂಗಿಲ್ಲರಿ ಕಾಶಮ್ಮಾ. ಅವನು ದಾಳಿ ದಿನಾನೇ ಹೋದ. ಅವತ್ತ ಮುಂಜಾನಿ ಮಳಿ ಅಂದ್ರ ಮಳಿ. ಮಣಕಾಲತನ ನೀರಿನ್ಯಾಗ ನಿಂತಿದ್ದೇವು. ನಾವು ಆರು ಮಂದಿ ಕಂದಕದ ಮಗ್ಗಲಿಗೇ ಮಳಿಗಿ ಡಬ್ಬಿ ಅಡ್ಡ ಇಟ್ಟು ಅನ್ನಕ್ಕ ಇಟ್ಟಿದ್ದೇವು. ವಿಮಾನ ಬಂದವು. ಎಲ್ಲಾರೂ ತಲಿ ಒಳಗ ತಗೊಂಡೇವು. ಇಂವ ಅನ್ನದ ಗಡಿಗಿ ಮ್ಯಾಲ ಮಣ್ಣ ಬೀಳ್ತದ ಅಂತ ಮುಚ್ಚಳ ಮುಚ್ಚಲಿಕ್ಕೆ ಮ್ಯಾಲ ಹತ್ತಿದ. ಅಷ್ಟೇ. ಕೂಗಲಿಲ್ಲ. ಹಿಂದಕ್ಕ ಸರೀರಿ ಅಂತ ಹುಕುಂ ಬಂತು. ನಾ ಅವನ್ನ ಅಲ್ಲೇ ಬಿಟ್ಟು ಬಂದೆ. ಒಂದ ಹಿಡಿ ಮಣ್ಣ ಹಾಕಲಿಲ್ಲ. ಬಂದು ನಿಮಗ ಸುಳ್ಳ ಹೇಳಿದೆ.”

ಬೀದರಿನ ಅಂಗಳದ ಆ ಗಡಿಗೆ ನನಗೆ ಆಗ ಅರ್ಥವಾಯಿತು.

ಹೊರಗೆ ಹಲಗೆ ಬಡಿಯುತ್ತಲೇ ಇತ್ತು. ಕಾಶಮ್ಮ ಗೋಣಿಚೀಲದ ಮೇಲೆ ಕುಳಿತಿದ್ದಳು. ಆಕೆ ಚೀರುತ್ತಾಳೆ, ಈಗ ಬಾಗಿಲು ತೆಗೆದು ಊರೆಲ್ಲ ಒಳಗೆ ನುಗ್ಗುತ್ತದೆ ಎಂದು ನಾನು ಬಾಗಿಲಿಗೇ ಬೆನ್ನು ಕೊಟ್ಟು ನಿಂತಿದ್ದೆ. ಆಕೆ ಚೀರಲಿಲ್ಲ.

“ಉಂಡಿದ್ದನೇನು?” ಎಂದು ಕೇಳಿದಳು.

ಮಾವನವರ ಬಾಯಿ ತೆರೆಯಿತು. ಆ ಒಂದು ಕ್ಷಣ ನನಗೆ ಎಲ್ಲಕ್ಕಿಂತ ಹೆಚ್ಚು ಭಯವಾಯಿತು. ಮತ್ತೆ ಹೌದ್ರಿ ಎಂದುಬಿಡುತ್ತಾರೆ ಎಂದುಕೊಂಡೆ.

“ಇಲ್ಲರಿ” ಎಂದರು. “ಅನ್ನ ಇನ್ನಾ ಬೆಂದಿದ್ದಿಲ್ಲ. ಹಿಂದಿನ ದಿನಾನೂ ಏನೂ ಸಿಕ್ಕಿದ್ದಿಲ್ಲ.”

ಕಾಶಮ್ಮ ತಲೆ ಆಡಿಸಿದಳು. “ಹಸದ್ರ ಅವನಿಗಿ ಭಾಳ ಸಿಟ್ಟ ಬರ್ತಿತ್ತು. ನಾ ಈ ಮನಿಗಿ ಬಂದು ಮೂರು ತಿಂಗಳಿಗಿ ಭರ್ತಿ ಆಗಿ ಹೋದ. ಅವನ ಬಗ್ಗಿ ನನಗ ಗೊತ್ತಿದ್ದದ್ದು ಅದೊಂದೇ.”

ಹೊರಗಿನಿಂದ ಕೂಗಿದರು. “ಆಯೀ, ಹೊತ್ತಾಯ್ತು ಬಾ. ದೇವರು ಬಿಸಿಲಾಗ ನಿಂತಾನ.”

“ಅರವತ್ತ ವರ್ಷ ನಿಂತದ್ದು ಇನ್ನೊಂದ ಗಳಿಗಿ ನಿಂದ್ರಲಿಕ್ಕೆ ಏನಾಗ್ತದ! ಬಂದೆ” ಎಂದು ಒದರಿದಳು. ನಂತರ ನನ್ನ ಕಡೆ ತಿರುಗಿದಳು. ಧ್ವನಿ ಸಣ್ಣದಾಯಿತು.

“ನೀ ಯಾರು? ಮಾಣಿಕಪ್ಪನ ಸೊಸಿ? ನೀ ಹೇಳು ಮಗಳ. ಈ ಊರಿಗಿ ಗೊತ್ತಿಲ್ಲ. ಗೊತ್ತಿರೋರು ಈ ಮುದುಕ, ನೀ, ನಾ. ನಾ ಈಗ ಹೋಗಿ ಕೊಡ ಎತ್ತಲೋ, ಎತ್ತಬಾರದೋ? ನಾ ಎತ್ತಿ ಮಳಿ ಬರಲಿಲ್ಲಂದ್ರ?”

ನನ್ನನ್ನು ಏಕೆ ಕೇಳಿದಳೋ. ಕೇಳಲು ಬೇರೆ ಯಾರೂ ಇರಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬೆಳೆದದ್ದು ಒಂದು, ಹೊರಗೆ ಹಲಗೆಯ ಮುಂದೆ ನಿಂತ ಆ ಒಣಗಿದ ಮುಖಗಳು ಇನ್ನೊಂದು. ಮಳೆ ಬಾರದಿದ್ದರೆ ಅದರ ಪಾಪ ನನ್ನ ತಲೆಗೇ ಎಂಬ ಅಂಜಿಕೆ, ನಮ್ಮದು ಶರಣರ ಮನೆತನವಾದರೂ, ನನಗೆ ಇರಲಿಲ್ಲ ಎಂದು ಹೇಳಲಾರೆ.

“ಎತ್ತ್ರಿ ಅವ್ವಾ” ಎಂದೆ. “ಇಷ್ಟು ವರ್ಷ ಯಾರ ಸಲುವಾಗಿ ಹಚ್ಕೊಂಡ್ರಿ? ಇರೋ ಗಂಡಗಲ್ಲ. ಊರೇ ಹಚ್ಚಿದ್ದು. ಊರಿನ ಕೊಡ ಎತ್ತ್ರಿ.”

ಆಕೆ ಹಣೆಯ ಕುಂಕುಮವನ್ನು ಬೆರಳಿನಿಂದ ಸರಿಮಾಡಿಕೊಂಡಳು. ಮಾವನವರ ಹತ್ತಿರ ಹೋಗಿ “ಕುಂದ್ರು ಮಾಣಿಕಪ್ಪಾ, ಬೀಳ್ತಿ” ಎಂದು ಭುಜ ಒತ್ತಿ ಕೂಡಿಸಿದಳು. “ಯಾರ ಮುಂದೂ ಹೇಳಬ್ಯಾಡ್ರಿ. ಹೇಳೋದಿದ್ರ ನಾ ಹೇಳ್ತೇನಿ” ಎಂದು ಬಾಗಿಲು ತೆಗೆದು ಹೊರಗೆ ಹೋದಳು.

ಬಾವಿಯಿಂದ ಗುಡಿಯವರೆಗೆ ನಾನೂ ಹಿಂದೆ ಹೋದೆ. ಕಣ್ಣೆಲ್ಲ ಆಕೆಯ ತಲೆಯ ಮೇಲಿನ ಕೊಡದ ಮೇಲೆಯೇ. ಒಮ್ಮೆ ಕಲ್ಲು ಎಡವಿ ಆಕೆ ವಾಲಿದಾಗ ನನ್ನ ಬಾಯಿಂದ ಸಣ್ಣ ಕೂಗು ಬಂತು. ಕೊಡ ಬೀಳಲಿಲ್ಲ. ಆಕೆ ನೀರು ಎರೆದಳು. ಕಲ್ಲಿನಿಂದ ಹರಿದ ನೀರನ್ನು ಎಲ್ಲರೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನೂ ಒತ್ತಿಕೊಂಡೆ.

ಭಾಲ್ಕಿಗೆ ಬಂದ ಮೇಲೆ ಮಾವನವರು ಹಗುರಾದರು. ಸಂಜೆಗೆ ಮಲಗಿದರೆ ಬೆಳಗಿನವರೆಗೆ ಗೊರಕೆ. ಅವರ ಭಾರವೆಲ್ಲ ನನ್ನ ಮೇಲೆ ಬಂದಿತ್ತು. ಶನಿವಾರ ಬಂದರೆ ಯಂತ್ರ ತುಳಿಯಲು ಕಾಲು ಬರುತ್ತಿರಲಿಲ್ಲ. ಎರಡನೆಯ ಶನಿವಾರ, ಮೂರನೆಯದು, ನಾಲ್ಕನೆಯದು. ನೀರಿನ ಸಾಲಿನಲ್ಲಿ ಯಾರಾದರೂ ಮುಗಿಲು ನೋಡಿ “ಯಾರ ಪಾಪಾನೋ ಏನೋ” ಎಂದರೆ ನನಗೇ ಅಂದಂತಾಗುತ್ತಿತ್ತು. ಒಂದು ಕುಪ್ಪಸಕ್ಕೆ ಎರಡೂ ಎಡಗೈ ತೋಳು ಹಚ್ಚಿಬಿಟ್ಟೆ. ಐದು ವಾರ ಮುಗಿದವು. ಮುಂಗಾರಿನ ಮಿರಗ ಬಂತು, ಒಣಗಾಳಿ ಬೀಸಿ ಹೋಯಿತು. ಆ ಊರಲ್ಲಿ ಏನು ಮಾತಾಡುತ್ತಿದ್ದಾರೋ, ಯಾರಿಗಾದರೂ ಗೊತ್ತಾಯಿತೋ ಎಂದು ಬಾಜಾರದಲ್ಲಿ ಔರಾದ ಕಡೆಯವರನ್ನು ಹಿಡಿದು ಕೇಳುವವಳು ಈಗ ನಾನಾಗಿದ್ದೆ. ಮುದುಕಿ ಇನ್ನೂ ಊರಲ್ಲೇ ಇದ್ದಾಳೆ, ಆರಾಮವಾಗಿದ್ದಾಳೆ ಎನ್ನುತ್ತಿದ್ದರು. ಮುಂದಿನದನ್ನು ಕೇಳಲು ನನಗೆ ಬಾಯಿ ಬರುತ್ತಿರಲಿಲ್ಲ.

ಆರಿದ್ರಾ ಮಳೆಯ ದಿನಗಳು, ಅಂದರೆ ಮಳೆಯಿಲ್ಲದ ಆರಿದ್ರಾ. ಟ್ಯಾಂಕರ್ ಬರುವ ದಿನ ಮುಂಜಾನೆ ಮಾವನವರು ಎರಡು ರೊಟ್ಟಿ, ಪುಂಡಿಪಲ್ಲೆ ಉಂಡು ಸ್ಟೂಲು ಹಿಡಿದುಕೊಂಡು ಹೋದರು. ಹತ್ತು ಗಂಟೆಯ ಸುಮಾರಿಗೆ ಟ್ಯಾಂಕರ್ ಬಂತು. ಸಾಲು ಮುರಿದು ಎಲ್ಲರೂ ನುಗ್ಗಿದರು. ಕೊಡಕ್ಕೆ ಕೊಡ ಬಡಿದವು. ಯಾರೂ “ಲೈನ್” ಎಂದು ಕೂಗಲಿಲ್ಲ. ಶಾಂತಾಬಾಯಿಗೆ ಮೊದಲು ಅದು ಹೊಳೆಯಿತು. “ಕಾಕಾ ಯಾಕ ಸುಮ್ಮ ಕುಂತಾರ?” ಎಂದು ತಿರುಗಿ ನೋಡಿದಳು.

ನಮ್ಮವರು ಹೈದರಾಬಾದಿನಿಂದ ಬರಬೇಕಿತ್ತು, ಆದ್ದರಿಂದ ಮಣ್ಣು ಮರುದಿನಕ್ಕೆ ನಿಂತಿತು. ನಾನು ಚೀಟಿಯಲ್ಲಿ ‘ಭಾಲ್ಕಿ ಮಾಣಿಕಪ್ಪ ತೀರಿಕೊಂಡರು, ನಾಳೆ ಮಧ್ಯಾಹ್ನ ಮಣ್ಣು’ ಎಂದು ಬರೆದು, ಕಾಶಮ್ಮನ ಊರು ಹೆಸರು ಹಾಕಿ, ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟೆ. ಬಸ್ಸಿನಿಂದ ಬಸ್ಸಿಗೆ ದಾಟಿಸಿ ಔರಾದಿನವರೆಗೆ ಸುದ್ದಿ ಮುಟ್ಟಿಸುವುದು ಆಗ ನಮ್ಮ ಕಡೆ ಎಲ್ಲರೂ ಮಾಡುತ್ತಿದ್ದದ್ದೇ. ಬರಲಿ ಎಂದು ಬರೆದದ್ದಲ್ಲ. ತಿಳಿಯಲಿ ಎಂದಷ್ಟೇ.

ಮರುದಿನ ಮಾವನವರನ್ನು ಗೋಡೆಗೆ ಆನಿಸಿ ಕೂಡಿಸಿ, ವಿಭೂತಿ ಧರಿಸಿ, ಹೂವು ಹಾಕಿದ್ದೆವು. ಹೆಂಗಸರು ಸುತ್ತ ಕುಳಿತಿದ್ದರು. ಬಾಗಿಲಲ್ಲಿ ಎತ್ತರದ ಒಬ್ಬ ಮುದುಕಿ ಬಂದು ನಿಂತಳು. ಯಾರೆಂದು ನನಗೆ ಗುರುತು ಹತ್ತಲಿಲ್ಲ. ಹಣೆ ಬರಿದಾಗಿತ್ತು. ಅರವತ್ತು ವರ್ಷ ಕುಂಕುಮ ಕೂತ ಜಾಗದಲ್ಲಿ ಚರ್ಮ ಬೆಳ್ಳಗೆ ಉಳಿದಿತ್ತು. ಬಳೆ ಕಾಣದಂತೆ ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡಿದ್ದಳು. ಆಕೆ ಯಾರನ್ನೂ ಮಾತಾಡಿಸದೆ ನೇರ ಹೋಗಿ ಮಾವನವರ ಮುಂದೆ ಕುಳಿತಳು. ಮುಚ್ಚಿದ ಅವರ ಕಣ್ಣುಗಳ ಮೇಲೆ ಎರಡೂ ಹೆಬ್ಬೆರಳು ಇಟ್ಟಳು.

“ಕಡೀಕ ಅವನ್ನ ನೋಡಿದ ಕಣ್ಣ ಇವು” ಎಂದು ಮೆಲ್ಲಗೆ ಅಂದಳು. ಹತ್ತಿರ ಕುಳಿತ ನನಗಷ್ಟೇ ಕೇಳಿತು. ನಂತರ ಹಾಡಿ ಅಳತೊಡಗಿದಳು.

ಅಂಥ ಅಳುವನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ. ಉಣ್ಣದಂಗ ಹೋದೆಲ್ಲೋ, ಹಸದ ಹೊಟ್ಟಿಲೆ ಹೋದೆಲ್ಲೋ, ನಿನಗ ಕಡೀ ತುತ್ತ ಉಣಸಲಿಲ್ಲಲ್ಲೋ ನಾ, ಮೂರ ತಿಂಗಳ ಉಣಿಸಿದೆ, ಮುಂದ ಯಾರ ಉಣಿಸ್ಯಾರೋ. ಆಕೆಯ ದನಿ ಏರಿದಂತೆ ಹೊರಗೆ ಗಂಡಸರ ಮಾತು ನಿಂತಿತು. ನಮ್ಮವರು ಬಾಗಿಲಿಗೆ ಬಂದು ಯಾರೆಂದು ಕಣ್ಣಲ್ಲೇ ನನ್ನನ್ನು ಕೇಳಿದರು. ಶಾಂತಾಬಾಯಿ ಕಣ್ಣೊರೆಸಿಕೊಳ್ಳುತ್ತ ನನ್ನ ಕಿವಿಯಲ್ಲಿ, “ಯವ್ವಾ, ಕಾಕಾ ನಿನ್ನಿ ಎರಡು ರೊಟ್ಟಿ ಉಂಡೇ ಬಂದಿದ್ರಲ್ಲ? ನೀ ಉಣಸಿಲ್ಲಂತ ತಿಳದಾಳೇನು ಈ ಮುದುಕಿ?” ಎಂದಳು.

“ದೂರದ ಬೀಗರು. ಅವರಿಗಿ ಗೊತ್ತಿಲ್ಲ” ಎಂದೆ.

ಆ ಊರಿನಲ್ಲಿ ಆಕೆಗೆ ಅಳಲು ಜಾಗವಿರಲಿಲ್ಲ. ಆಕೆಯ ಗುರುತಿಲ್ಲದ ನಮ್ಮ ಓಣಿಯಲ್ಲಿ, ಬೇರೆಯವರ ಹೆಣದ ಮುಂದೆ, ಎರಡು ತಾಸು ಅತ್ತಳು. ಯಾರೂ ತಡೆಯಲಿಲ್ಲ. ನಾನು ತಡೆಯಗೊಡಲಿಲ್ಲ. ಗುಂಡಿ ತೋಡಲು ನೆಲ ಕಲ್ಲಾಗಿತ್ತು, ಗುದ್ದಲಿ ಸಾಲದೆ ಹಾರೆ ತರಿಸಿದರು, ಅದರಿಂದ ಹೊತ್ತಾಯಿತು. ಮಣ್ಣು ಕೊಡುವಾಗ ಆಕೆಯೂ ಬಂದು ಒಂದು ಹಿಡಿ ಹಾಕಿದಳು.

ಮನೆಗೆ ಬಂದು ನೀರು ಹಾಕಿಕೊಂಡ ಮೇಲೆ ನಾನು ಆಕೆಗೆ ಅನ್ನ ಬಡಿಸಿದೆ. ಪೂರ್ತಿ ಉಂಡಳು. ಕೈ ತೊಳೆದು, ಯಾರೂ ಇಲ್ಲದ್ದು ನೋಡಿ, ನನ್ನನ್ನು ಒಳಗಿನ ಕೋಣೆಗೆ ಕರೆದಳು.

“ಮಗಳ, ಕುಂಕುಮದ ಭರಣಿ ತಾ. ಬೀದರದಿಂದ ಔರಾದಕ್ಕ ಹೋಗೋ ಕಡೀ ಬಸ್ ಸಿಗಬೇಕು.”

ನಾನು ಆಕೆಯ ಬರಿ ಹಣೆ ನೋಡಿದೆ.

“ಬರ್ತಾ ಬಸ್ಸಿನ್ಯಾಗ ಒರಸ್ಕೊಂಡೆ. ಜನವಾಡ ದಾಟಿದ ಮ್ಯಾಲ. ನಮ್ಮೂರವರು ಯಾರೂ ಇದ್ದಿದ್ದಿಲ್ಲ” ಎಂದಳು. “ನಾಡದು ಹೈದರಾಬಾದಿಗಿ ಹೊಂಟೇವಿ. ಮಳಿ ಆಗಲಿಲ್ಲ, ಇನ್ನ ಯಾರು ತಡೀತಾರ? ಅಲ್ಲಿ ಯಾರಿಗಿ ನಾ ಏನಂತ ಗೊತ್ತದ? ಅಲ್ಲಿ ಹೋದ ಮ್ಯಾಲ ಹಣಿ ನಂದು. ಊರಾಗ ಇರೋತನ ಊರಿಂದು. ನೀನೇ ಅಂದಿದ್ದಿಯಲ್ಲ.”

“ಮೊಮ್ಮಗಗ?”

“ಬಸ್ಸಿನ್ಯಾಗ ಹೇಳ್ತೇನಿ. ಊರ ದಾಟಿದ ಮ್ಯಾಲ.”

ಭರಣಿ ತಂದೆ. ಆಕೆಯ ಹಣೆ ಒಣಗಿ ಬಿರುಕು ಬಿಟ್ಟಿತ್ತು, ಕುಂಕುಮ ನಿಲ್ಲದೆ ಉದುರಿತು. ಬೆರಳಿಗೆ ಕೊಬ್ಬರಿ ಎಣ್ಣೆ ತೆಗೆದುಕೊಂಡು ಮೊದಲು ಅದನ್ನು ಹಚ್ಚಿದೆ, ಅದರ ಮೇಲೆ ಕುಂಕುಮ ಒತ್ತಿದೆ. ಬಿಳಿಯಾಗಿ ಉಳಿದ ಆ ಗುಂಡು ಗುರುತು ಪೂರ್ತಿ ಮುಚ್ಚುವಂತೆ ಇಡಬೇಕಿತ್ತು, ಇಲ್ಲದಿದ್ದರೆ ಊರವರಿಗೆ ತಿಳಿದುಬಿಡುತ್ತದೆ. ಆಕೆ ಕಣ್ಣು ಮುಚ್ಚಿಕೊಂಡು ಕುಳಿತಿದ್ದಳು. ಮೂಗಿನ ಮೇಲೆ ಬಿದ್ದ ಪುಡಿಯನ್ನು ಸೆರಗಿನಿಂದ ಒರೆಸಿದೆ.

“ಸರಿ ಕುಂತದೇನು?” ಎಂದಳು.

ಒಂದು ಅಂಚು ಇನ್ನೂ ಕಾಣುತ್ತಿತ್ತು. ತಡೀರಿ ಎಂದು ಮತ್ತೊಮ್ಮೆ ಬೆರಳು ಅದ್ದಿದೆ.